ಸರ್ಕಾರಿ ಡೇಟಾ ಹುಡುಕಿಕೊಡುವ ಎಐ ಟೂಲ್: ಹುಡುಕೋದಕ್ಕೆ ಸೈ, ಎಣಿಸೋದಕ್ಕೆ ಇನ್ನೂ ಇಲ್ಲ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಸರ್ಕಾರಗಳು ಸಾರ್ವಜನಿಕರಿಗೆಂದು ತೆರೆದಿಟ್ಟಿರುವ ಡೇಟಾಸೆಟ್‌ಗಳನ್ನು ಹುಡುಕಿ ತಂದುಕೊಡುವ ಈ ಎಐ ಏಜೆಂಟ್ ಟೂಲ್, ಹುಡುಕುವ ಕೆಲಸದಲ್ಲಿ ನಾನು ಬಳಸಿದವುಗಳಲ್ಲೆಲ್ಲ ಚೆನ್ನಾಗಿದೆ. ಆದರೆ ತಂದದ್ದನ್ನು ಎಣಿಸಿ, ಕೂಡಿ, ಸರಾಸರಿ ತೆಗೆದು ಉತ್ತರ ಹೇಳುವಾಗ ಅದನ್ನು ಇನ್ನೂ ನಂಬುವ ಹಾಗಿಲ್ಲ. ಎರಡಕ್ಕೂ ಕಾರಣ ಒಂದೇ ಕಡೆ ಸಿಗುತ್ತದೆ: ಅದರ ಡಾಕ್ಯುಮೆಂಟೇಶನ್. ಕೋಡ್ ಬಹುಮಟ್ಟಿಗೆ ಗಟ್ಟಿಯಾಗಿದೆ. ಬರೆದಿಟ್ಟ ವಿವರಣೆ ಸ್ಪಷ್ಟವಾಗಿರುವ ಕಡೆ ಟೂಲ್ ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ, ವಿವರಣೆ ಅರೆಬರೆಯಾಗಿರುವ ಕಡೆ ತಪ್ಪು ಉತ್ತರವನ್ನು ಪೂರ್ತಿ ವಿಶ್ವಾಸದಿಂದ ಹೇಳುತ್ತದೆ.

ಟೂಲ್‌ನ ಹೆಸರು ಬರೆಯುತ್ತಿಲ್ಲ. ಕಂಡ ಕೊರತೆಗಳನ್ನೆಲ್ಲ ಅದನ್ನು ಮಾಡಿದವರಿಗೆ ತಿಳಿಸಿದ್ದೇನೆ, ತಿದ್ದುವ ಕೆಲಸ ನಡೆದಿದೆ. ಅಲ್ಲದೆ ಈ ಬಗೆಯ ಟೂಲ್‌ಗಳು ಈಗ ಒಂದರ ಹಿಂದೊಂದು ಬರುತ್ತಿವೆ, ಒಳಗಿನ ರಚನೆ ಹೆಚ್ಚುಕಡಿಮೆ ಒಂದೇ. ಇಲ್ಲಿ ಹೇಳುವುದನ್ನು ನಿಮ್ಮ ಕೈಯಲ್ಲಿರುವ ಯಾವುದರ ಮೇಲಾದರೂ ಪರೀಕ್ಷಿಸಿ ನೋಡಬಹುದು. ಸಾಫ್ಟ್‌ವೇರ್‌ಗಳಿಗೆ ಡಾಕ್ಯುಮೆಂಟೇಶನ್ ಬರೆಯುವುದೇ ನನ್ನ ಉದ್ಯೋಗ. ಸರ್ಕಾರಿ ಡೇಟಾ ನನ್ನ ಬಹುಕಾಲದ ಆಸಕ್ತಿ. ಈ ಎರಡೂ ಕೂಡುವ ಜಾಗವಾದ್ದರಿಂದ ಸ್ವಲ್ಪ ಆಳಕ್ಕೇ ಇಳಿದಿದ್ದೇನೆ.

ಟೂಲ್ ಮಾಡುವುದು ಇಷ್ಟು. ನೀವು ಮಾತಿನಲ್ಲಿ ಒಂದು ಪ್ರಶ್ನೆ ಕೇಳುತ್ತೀರಿ. ಹಿಂದಿರುವ ಭಾಷಾ ಮಾದರಿ (ಚಾಟ್‌ಬಾಟ್‌ಗಳ ಒಳಗಿರುವಂಥ ಎಐ) ಆ ಪ್ರಶ್ನೆಗೆ ಯಾವ ಪೋರ್ಟಲ್‌ನಲ್ಲಿ ಏನು ಹುಡುಕಬೇಕೆಂದು ತೀರ್ಮಾನಿಸಿ, ಟೂಲ್ ಮೂಲಕ ಪೋರ್ಟಲ್‌ನ ಎಪಿಐಗೆ (ಪ್ರೋಗ್ರಾಂಗಳು ನೇರವಾಗಿ ಡೇಟಾ ಕೇಳುವ ಬಾಗಿಲು) ಕರೆ ಕಳಿಸಿ, ಬಂದ ಸಾಲುಗಳನ್ನು ಓದಿ ಉತ್ತರ ಕೊಡುತ್ತದೆ. ಹೀಗೆ ಟೂಲ್ ಹಿಡಿದು ಕೆಲಸ ಮಾಡುವ ಮಾದರಿಯನ್ನೇ ಏಜೆಂಟ್ ಎನ್ನುವುದು. ಮಾದರಿಗೂ ಟೂಲ್‌ಗೂ ನಡುವಿನ ಮಾತುಕತೆ ಎಂಸಿಪಿ ಎಂಬ ಒಪ್ಪಂದದ ಪ್ರಕಾರ ನಡೆಯುತ್ತದೆ. ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಇದನ್ನು ಮುಕ್ತವಾಗಿ ಬಿಡುಗಡೆ ಮಾಡಿತು, ಆಮೇಲೆ ಬೇರೆ ಸಂಸ್ಥೆಗಳೂ ಅಳವಡಿಸಿಕೊಂಡವು. ಆ ಒಪ್ಪಂದದಲ್ಲಿ ನಮಗೆ ಬೇಕಾದ ಅಂಶ ಒಂದೇ: ಸಂಪರ್ಕ ಸಿಕ್ಕ ಕೂಡಲೇ ಟೂಲ್‌ನೊಳಗಿರುವ ಸಣ್ಣ ಸಣ್ಣ ಟೂಲ್‌ಗಳ ಪಟ್ಟಿ ಮಾದರಿಗೆ ಹೋಗುತ್ತದೆ. ಪ್ರತಿಯೊಂದಕ್ಕೂ ಒಂದು ಹೆಸರು, ನಾಲ್ಕು ಸಾಲಿನ ವಿವರಣೆ, ಏನೇನು ಕೊಡಬೇಕೆಂಬ ಸ್ಕೀಮಾ. ಮಾದರಿಗೆ ಕಾಣುವುದು ಅಷ್ಟೇ. ನೀವು ಚಿತ್ರ ಹಾಕಿ ಚೆಂದಕ್ಕೆ ಬರೆದ ರೀಡ್‌ಮಿ ಎಂಬ ಪರಿಚಯದ ಕಡತ ಅದಕ್ಕೆ ಕಾಣುವುದಿಲ್ಲ, ಕೋಡ್ ಒಳಗಿನ ಟಿಪ್ಪಣಿಯೂ ಕಾಣುವುದಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರ ಕೈಗೆ ಒಂದು ಚೀಟಿ ಕೊಟ್ಟು ದಾಖಲೆ ಕೋಣೆಗೆ ಕಳಿಸಿದ ಹಾಗೆ. ಚೀಟಿಯಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುವುದಕ್ಕೆ ಸಾಧ್ಯವಿಲ್ಲ.

ಹಾಗಾಗಿ ಇಲ್ಲಿ ಡಾಕ್ಯುಮೆಂಟೇಶನ್‌ಗೆ ಇಬ್ಬರು ಓದುಗರು. ಇನ್‌ಸ್ಟಾಲ್ ಮಾಡುವ ಮನುಷ್ಯರು ಒಬ್ಬರು, ಪ್ರತಿ ಪ್ರಶ್ನೆಗೂ ಹೊಸದಾಗಿ ಓದುವ ಮಾದರಿ ಇನ್ನೊಂದು. ಮೊದಲ ಓದುಗರಿಗೆ ಈ ಟೂಲ್ ಎಲ್ಲವನ್ನೂ ಚೆನ್ನಾಗಿ ಹೇಳಿದೆ. ಎರಡನೆಯ ಓದುಗನಿಗೆ ಮುಖ್ಯವಾದ ಕಡೆಯೇ ಮಾತು ನುಂಗಿದೆ.

ಇನ್‌ಸ್ಟಾಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೂಚನೆಗಳು ಕ್ರಮವಾಗಿವೆ, ಮೂರೂ ಆಪರೇಟಿಂಗ್ ಸಿಸ್ಟಂಗಳಿಗೆ ಬೇರೆಬೇರೆ ಉದಾಹರಣೆ ಕೊಟ್ಟಿದ್ದಾರೆ, ಕಾನ್ಫಿಗರೇಶನ್ ಕಡತ ಎಲ್ಲಿರುತ್ತದೆ ಎಂಬುದನ್ನೂ ಬರೆದಿದ್ದಾರೆ. ಎಪಿಐ ಕೀ ಬೇಕಾಗುವ ಪೋರ್ಟಲ್‌ಗಳಿಗೆ ಆ ಕೀಯನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲೇ ಇಡಿ, ಕಮ್ಯಾಂಡ್ ಸಾಲಿನಲ್ಲಿ ಬರೆಯಬೇಡಿ ಎಂದು ಕಾರಣ ಸಮೇತ ಹೇಳಿದ್ದಾರೆ. ಇದಕ್ಕೆ ಪೂರ್ತಿ ಅಂಕ.

ಈಗ ಡೇಟಾ ಇರುವ ಜಾಗಕ್ಕೆ ಬರೋಣ. ಅಮೆರಿಕದ ಡೇಟಾ ಡಾಟ್ ಗವ್ ಶುರುವಾಗಿದ್ದು 2009ರ ಮೇ ತಿಂಗಳಲ್ಲಿ, ಬ್ರಿಟನ್ನಿನದು 2010ರ ಜನವರಿಯಲ್ಲಿ, ಭಾರತದ್ದು 2012ರಲ್ಲಿ. ಈಗ ದೇಶ, ರಾಜ್ಯ, ನಗರ ಮಟ್ಟದಲ್ಲಿ ಇಂಥ ಪೋರ್ಟಲ್‌ಗಳು ಎಷ್ಟೋ ಇವೆ. ಹಲವು ಪೋರ್ಟಲ್‌ಗಳು ಓಡುವುದು ಸಿಕ್ಯಾನ್ ಎಂಬ ಮುಕ್ತ ತಂತ್ರಾಂಶದ ಮೇಲೆ. ಓಪನ್ ನಾಲೆಡ್ಜ್ ಫೌಂಡೇಶನ್‌ನಿಂದ ಹೊರಟದ್ದು ಅದು. ಸೊಕ್ರಾಟ ಎಂಬ ಇನ್ನೊಂದು ವೇದಿಕೆ ಅಮೆರಿಕದ ನಗರಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ತಮ್ಮದೇ ವ್ಯವಸ್ಥೆ ಕಟ್ಟಿಕೊಂಡ ಪೋರ್ಟಲ್‌ಗಳೂ ಇವೆ. ಈ ಟೂಲ್ ಮುಖ್ಯವಾಗಿ ಸಿಕ್ಯಾನ್ ಪೋರ್ಟಲ್‌ಗಳಿಗಾಗಿ ಮಾಡಿದ್ದು, ಅದನ್ನು ರೀಡ್‌ಮಿಯ ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದಾರೆ. "ಜಗತ್ತಿನ ಎಲ್ಲ ಸರ್ಕಾರಿ ಡೇಟಾ ನಿಮ್ಮ ಬೆರಳ ತುದಿಯಲ್ಲಿ" ಎಂಬಂಥ ಜಾಹೀರಾತಿನ ಮಾತು ಎಲ್ಲೂ ಇಲ್ಲ. ಆ ಸಂಯಮ ನನಗೆ ಹಿಡಿಸಿತು.

ಹುಡುಕಾಟದ ಟೂಲ್‌ನ ವಿವರಣೆಯಂತೂ ಎತ್ತಿ ತೋರಿಸುವಷ್ಟು ಚೆನ್ನಾಗಿದೆ. ಸಿಕ್ಯಾನ್‌ನಲ್ಲಿ ಪ್ಯಾಕೇಜ್ ಸರ್ಚ್ ಎಂಬ ಕರೆಯಿದೆ, ಒಳಗೆ ಸೋಲರ್ ಎಂಬ ಹುಡುಕು ಯಂತ್ರ ಕೆಲಸ ಮಾಡುತ್ತದೆ. ಅದಕ್ಕೆ ಉದ್ದ ವಾಕ್ಯ ಕೊಟ್ಟರೆ ಒಂದೋ ಏನೂ ಸಿಗುವುದಿಲ್ಲ, ಇಲ್ಲವೇ ಸಂಬಂಧವಿಲ್ಲದ್ದು ಸಿಗುತ್ತದೆ. ಮಾದರಿಗಳಿಗೋ ಬಳಕೆದಾರರ ಇಡೀ ವಾಕ್ಯವನ್ನು ಹಾಗೇ ಎತ್ತಿ ಹಾಕುವ ಚಾಳಿ. ಈ ವಿವರಣೆಯಲ್ಲಿ "ಎರಡು ಮೂರು ಮುಖ್ಯ ಪದ ಮಾತ್ರ ಕೊಡು, ಪೋರ್ಟಲ್‌ನ ಭಾಷೆಯಲ್ಲಿ ಕೊಡು, ಏನೂ ಸಿಗದಿದ್ದರೆ ಒಂದು ಪದ ಕಡಿಮೆ ಮಾಡಿ ಮತ್ತೆ ನೋಡು, ಇಲಾಖೆಯ ಹೆಸರು ಗೊತ್ತಿದ್ದರೆ ಅದನ್ನು ಫಿಲ್ಟರ್‌ನಲ್ಲಿ ಹಾಕು, ಹುಡುಕು ಪದದಲ್ಲಿ ಸೇರಿಸಬೇಡ" ಎಂಬ ಅರ್ಥದ ಸೂಚನೆಗಳಿವೆ. ಜೊತೆಗೆ ಸರಿಯಾದ ಒಂದು ಉದಾಹರಣೆ, ತಪ್ಪಾದ ಒಂದು ಉದಾಹರಣೆ ಅಕ್ಕಪಕ್ಕ ಇವೆ. ಬರೆದವರು ಮಾದರಿ ಎಲ್ಲಿ ಎಡವುತ್ತದೆ ಎಂಬುದನ್ನು ಕೂತು ನೋಡಿ ಬರೆದಿದ್ದಾರೆ ಅನ್ನುವುದು ಓದಿದರೆ ತಿಳಿಯುತ್ತದೆ.

ಕನ್ನಡದಲ್ಲಿ ಪ್ರಶ್ನೆ ಕೇಳಿದೆ. ತೊಂದರೆಯೇ ಆಗಲಿಲ್ಲ. ಮಾದರಿ ನನ್ನ ಮಾತು ಅರ್ಥ ಮಾಡಿಕೊಂಡು ಪೋರ್ಟಲ್‌ಗೆ ಅದರದೇ ಭಾಷೆಯ ಪದ ಕಳಿಸಿ, ಸಿಕ್ಕ ಡೇಟಾಸೆಟ್‌ಗಳ ಸಾರವನ್ನು ನನಗೆ ಕನ್ನಡದಲ್ಲಿ ಹೇಳಿತು. ಪ್ಯಾಕೇಜ್ ಸರ್ಚ್ ಬೇರೇನೂ ಹೇಳದಿದ್ದರೆ 10 ಫಲಿತಾಂಶ ಕೊಡುತ್ತದೆ. ಒಟ್ಟು ಎಷ್ಟಿವೆ ಎಂಬ ಸಂಖ್ಯೆಯನ್ನೂ ಜೊತೆಗೆ ಕಳಿಸುತ್ತದೆ. ಈ ಟೂಲ್ ಆ ಸಂಖ್ಯೆಯನ್ನು ಕತ್ತರಿಸದೆ ಮಾದರಿಗೆ ದಾಟಿಸುತ್ತದೆ. "ಒಟ್ಟು 214ರಲ್ಲಿ ಮೊದಲ 10 ನೋಡಿದ್ದೇನೆ, ಇನ್ನೂ ಬೇಕೆ?" ಎನ್ನುವಂಥ ಉತ್ತರ ಬರುವುದು ಅದರಿಂದಲೇ. ಓದುವವರಿಗೆ ತಾವು ಎಷ್ಟು ಭಾಗ ನೋಡುತ್ತಿದ್ದೇವೆ ಎಂಬ ಅಂದಾಜು ಸಿಗುತ್ತದೆ.

ಇದನ್ನು ಇಷ್ಟು ಹೊಗಳಿದ್ದಕ್ಕೆ ಕಾರಣ, ಸಾಲುಗಳನ್ನು ತರುವ ಮುಂದಿನ ಟೂಲ್‌ನಲ್ಲಿ ಇದೇ ಕೆಲಸ ಮಾಡಿಲ್ಲ.

ಒಂದು ನಗರದ ಬೀದಿ ಮರಗಳ ಗಣತಿ ತೆಗೆದುಕೊಂಡೆ. ಅನೇಕ ನಗರಗಳು ಇಂಥ ಡೇಟಾಸೆಟ್ ಪ್ರಕಟಿಸುತ್ತವೆ. ಒಂದು ಮರಕ್ಕೆ ಒಂದು ಸಾಲು, ಜಾತಿ, ಕಾಂಡದ ಸುತ್ತಳತೆ, ಬೀದಿ, ಅಕ್ಷಾಂಶ ರೇಖಾಂಶ. ಕೇಳಿದ ಪ್ರಶ್ನೆ ಸರಳ: ಈ ನಗರದಲ್ಲಿ ಯಾವ ಜಾತಿಯ ಮರ ಹೆಚ್ಚು? ಏಜೆಂಟ್ ಸರಿಯಾದ ಡೇಟಾಸೆಟ್ ಹುಡುಕಿತು, ಸರಿಯಾದ ಕಡತ ಆರಿಸಿತು, ಸಾಲುಗಳನ್ನು ತಂದಿತು. ಮೇಪಲ್ 41%, ಲಿಂಡನ್ 23%, ಆಶ್ 9% ಎಂದು ಶುರು ಮಾಡಿ ಉಳಿದ ಜಾತಿಗಳನ್ನೂ ಸಾಲಾಗಿ ಕೋಷ್ಟಕದಲ್ಲಿ ಹಾಕಿ, ಮೇಪಲ್ ಯಾಕೆ ಹೆಚ್ಚು ಎಂಬುದಕ್ಕೆ ಒಂದು ಪ್ಯಾರಾ ವಿವರಣೆಯನ್ನೂ ಕೊಟ್ಟಿತು. ನೋಡುವುದಕ್ಕೆ ಎಲ್ಲ ಸರಿಯಾಗಿಯೇ ಇತ್ತು. ನನ್ನ ಕಣ್ಣು ನಿಂತದ್ದು ಶೇಕಡಾವಾರಿನ ಮೇಲೆ. ಕೋಷ್ಟಕದ ಒಂದು ಸಾಲಿನಲ್ಲಿಯೂ ದಶಮಾಂಶವಿಲ್ಲ, ಎಲ್ಲವೂ ಪೂರ್ಣಾಂಕ. ಬೇಕೆಂದೇ ಪೂರ್ಣಾಂಕಕ್ಕೆ ಇಳಿಸದಿದ್ದರೆ ಸಾವಿರಾರು ಮರಗಳ ಗಣತಿಯಲ್ಲಿ ಹಾಗೆ ಬರುವುದು ತೀರಾ ಅಪರೂಪ. ಎಣಿಸಿದ ಸಾಲು ಸರಿಯಾಗಿ ನೂರು ಇದ್ದರೆ ಹಾಗೆ ಬರುತ್ತದೆ.

ಲಾಗ್ ತೆರೆದು ನೋಡಿದರೆ ಅದೇ ಆಗಿತ್ತು. ಸಿಕ್ಯಾನ್‌ನಲ್ಲಿ ಕಡತಗಳನ್ನು ಸಾಲು ಸಾಲಾಗಿ ಬಿಡಿಸಿ ಇಡುವ ಭಾಗಕ್ಕೆ ಡೇಟಾಸ್ಟೋರ್ ಎಂದು ಹೆಸರು. ಅದರಿಂದ ಸಾಲು ತರುವ ಡೇಟಾಸ್ಟೋರ್ ಸರ್ಚ್ ಎಂಬ ಕರೆ, ಲಿಮಿಟ್ ಎಷ್ಟೆಂದು ಹೇಳದಿದ್ದರೆ 100 ಸಾಲು ಕೊಡುತ್ತದೆ. ಇದು ಸಿಕ್ಯಾನ್‌ನ ಅಧಿಕೃತ ಡಾಕ್ಯುಮೆಂಟೇಶನ್‌ನಲ್ಲಿಯೇ ಇರುವ ಮಾತು, ಮುಚ್ಚಿಟ್ಟದ್ದೇನಲ್ಲ. ಲಿಮಿಟ್ ಇಷ್ಟೆಂದು ಹೇಳಿದರೂ ಪೋರ್ಟಲ್‌ನವರು ಬದಲಿಸದಿದ್ದಲ್ಲಿ ಒಂದು ಕರೆಗೆ 32000 ಸಾಲು ಮೇಲ್ಮಿತಿ. ಸಿಕ್ಕ ಆ 100 ಸಾಲುಗಳೂ ನಗರದ ತುಂಬಾ ಹರಡಿದ ಸ್ಯಾಂಪಲ್ ಅಲ್ಲ. ಗಣತಿ ಮಾಡಿದವರು ಬೀದಿಯಿಂದ ಬೀದಿಗೆ ನಡೆದು ದಾಖಲಿಸಿದ ಕ್ರಮದಲ್ಲೇ ಸಾಲುಗಳು ಕೂತಿರುತ್ತವೆ. ಅಂದರೆ ಏಜೆಂಟ್ ನೋಡಿದ್ದು ಒಂದು ಬಡಾವಣೆಯ ಎರಡು ಮೂರು ಬೀದಿ. ಯಾರೋ ಒಂದು ಕಾಲದಲ್ಲಿ ಆ ಬೀದಿಗಳ ಉದ್ದಕ್ಕೂ ಮೇಪಲ್ ನೆಟ್ಟಿದ್ದರು, ಅದು ಇಡೀ ನಗರದ ಉತ್ತರವಾಗಿಬಿಟ್ಟಿತು.

ಸಿಕ್ಯಾನ್ ತನ್ನ ಉತ್ತರದಲ್ಲಿ ಟೋಟಲ್ ಎಂಬ ಹೆಸರಿನಲ್ಲಿ ಒಟ್ಟು ಸಾಲಿನ ಸಂಖ್ಯೆ ಕಳಿಸುತ್ತದೆ. ಟೋಕನ್ (ಮಾದರಿ ಓದುವ ಪಠ್ಯವನ್ನು ಅಳೆಯುವ ತುಣುಕು) ಉಳಿಸುವ ಉದ್ದೇಶದಿಂದ ಈ ಟೂಲ್ ಅದನ್ನು ತೆಗೆದುಹಾಕಿ ಬರೀ ಸಾಲುಗಳನ್ನು ಮಾದರಿಗೆ ಕೊಡುತ್ತಿತ್ತು. ಟೂಲ್‌ನ ವಿವರಣೆಯಲ್ಲಿ ಇದ್ದದ್ದು ಒಂದೇ ವಾಕ್ಯ: ಈ ರಿಸೋರ್ಸ್‌ನ (ಸಿಕ್ಯಾನ್ ಭಾಷೆಯಲ್ಲಿ ಡೇಟಾಸೆಟ್‌ನ ಒಂದು ಕಡತ) ದಾಖಲೆಗಳನ್ನು ತರುತ್ತದೆ. ದಾಖಲೆಗಳನ್ನು ತರುತ್ತದೆ ಎಂದರೆ ಓದಿದ ಯಾರಿಗೇ ಆದರೂ ಎಲ್ಲವನ್ನೂ ತರುತ್ತದೆ ಎಂದೇ ಅನ್ನಿಸುತ್ತದೆ. ಮಾದರಿಯನ್ನು ಬೈದು ಪ್ರಯೋಜನವಿಲ್ಲ. ಅದಕ್ಕೆ ಸಿಕ್ಕ ಚೀಟಿಯಲ್ಲಿ ಮಿತಿಯ ಮಾತೇ ಇರಲಿಲ್ಲ, ಕೈಗೆ ಬಂದ ಡೇಟಾದಲ್ಲಿ ಕತ್ತರಿಸಿದ ಗುರುತೂ ಇರಲಿಲ್ಲ.

ಈ ಟೂಲ್‌ನಲ್ಲಿ ಇನ್ನೊಂದು ದಾರಿಯೂ ಇದೆ. ಡೇಟಾಸ್ಟೋರ್ ಕೂತಿರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮೇಲೆ, ಹಾಗಾಗಿ ಡೇಟಾಬೇಸ್‌ಗಳನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಕೇಳುವ ಕರೆಯೊಂದಿದೆ. ಜಾತಿವಾರು ಗುಂಪು ಮಾಡಿ ಎಣಿಸು ಎಂದು ಒಂದು ಸಾಲಿನಲ್ಲಿ ಕೇಳಿದರೆ ಪೋರ್ಟಲ್ ತಾನೇ ಇಡೀ ಕಡತ ಎಣಿಸಿ ಹತ್ತಿಪ್ಪತ್ತು ಸಾಲಿನ ಉತ್ತರ ಕೊಡುತ್ತದೆ. ಟೋಕನ್ ಖರ್ಚೂ ಕಡಿಮೆ, ಉತ್ತರವೂ ಸರಿ. ಏಜೆಂಟ್ ಇದನ್ನು ಯಾಕೆ ಬಳಸಲಿಲ್ಲ? ವಿವರಣೆ ನೋಡಿದರೆ "ಅನುಭವಿ ಬಳಕೆದಾರರಿಗಾಗಿ" ಎಂದು ಬರೆದಿದೆ. ಮನುಷ್ಯರಿಗೆ ಅದು ಸೌಜನ್ಯದ ಎಚ್ಚರಿಕೆ. ಮಾದರಿ ಅದನ್ನು ಓದಿ, ನನ್ನ ಮುಂದಿರುವ ಬಳಕೆದಾರರು ಸರಳವಾಗಿ ಕೇಳುತ್ತಿದ್ದಾರೆ, ಇದು ಬೇಡ ಎಂದು ಪಕ್ಕಕ್ಕಿಟ್ಟಿದೆ.

ಕೋಡ್‌ನಲ್ಲಿ ನಾನು ಮುಟ್ಟಿದ್ದು ಟೋಟಲ್ ಕತ್ತರಿಸುವ ಆ ಒಂದು ಸಾಲನ್ನು ಮಾತ್ರ. ಉಳಿದದ್ದೆಲ್ಲ ವಿವರಣೆ ಬದಲಿಸಿದ್ದು. ಸಾಲು ತರುವ ಟೂಲ್‌ಗೆ ಬರೆದದ್ದು ಹೀಗೆ: "ರಿಸೋರ್ಸ್‌ನ ಸಾಲುಗಳಲ್ಲಿ ಒಂದು ಭಾಗವನ್ನು ತರುತ್ತದೆ. ಲಿಮಿಟ್ ಕೊಡದಿದ್ದರೆ 100 ಸಾಲು. ಸಾಲುಗಳು ಕಡತದ ಕ್ರಮದಲ್ಲಿ ಬರುತ್ತವೆ, ಯಾದೃಚ್ಛಿಕವಲ್ಲ. ಟೋಟಲ್ ಸಂಖ್ಯೆ ಬಂದ ಸಾಲುಗಳಿಗಿಂತ ಹೆಚ್ಚಿದ್ದರೆ ಇದರಿಂದ ಎಣಿಕೆ, ಮೊತ್ತ, ಸರಾಸರಿ, ಶೇಕಡಾವಾರು ಹೇಳಬೇಡ. ಕಾಲಂಗಳಲ್ಲಿ ಏನಿದೆ ಎಂದು ತಿಳಿಯಲು ಬಳಸು." ಎಸ್‌ಕ್ಯುಎಲ್ ಟೂಲ್‌ಗೆ: "ಎಣಿಕೆ, ಮೊತ್ತ, ಸರಾಸರಿ, ಗುಂಪು ಬೇಕಾದಾಗ ಮೊದಲು ಇದನ್ನೇ ಬಳಸು. ಪೋರ್ಟಲ್ ಇದನ್ನು ಬಂದ್ ಮಾಡಿದ್ದರೆ ಸಾಲು ತರುವ ಟೂಲ್‌ನಲ್ಲಿ ಆಫ್‌ಸೆಟ್ ಹೆಚ್ಚಿಸುತ್ತಾ ಟೋಟಲ್ ಮುಟ್ಟುವವರೆಗೆ ತಾ. ಮುಟ್ಟಲಾಗದಿದ್ದರೆ ಹಾಗೆಂದು ಬಳಕೆದಾರರಿಗೆ ಹೇಳು."

ಅದೇ ಪ್ರಶ್ನೆ, ಅದೇ ಮಾದರಿ. ಈ ಸಲ ಏಜೆಂಟ್ ಮೊದಲು ಕಾಲಂ ಹೆಸರು ನೋಡಿತು, ನಂತರ ಎಸ್‌ಕ್ಯುಎಲ್‌ಗೆ ಹೋಗಿ ಜಾತಿವಾರು ಎಣಿಕೆ ತಂದಿತು. ಮೇಪಲ್ ಮೊದಲ ಸ್ಥಾನದಲ್ಲಿ ಇರಲಿಲ್ಲ. ಜಾತಿ ನಮೂದಾಗದ ಸಾಲುಗಳು ಎಷ್ಟಿವೆ ಎಂಬುದನ್ನೂ ತಾನಾಗಿ ಬೇರೆ ತೋರಿಸಿತು. ಎಸ್‌ಕ್ಯುಎಲ್ ಕರೆಗೂ 32000ದ ಮಿತಿ ಇದೆ, ದಾಟಿದರೆ ಸಾಲುಗಳನ್ನು ಮೊಟಕು ಮಾಡಿದೆ ಎಂಬ ಗುರುತು ಉತ್ತರದಲ್ಲಿ ಬರುತ್ತದೆ. ಆ ಗುರುತನ್ನೂ ಮಾದರಿಗೆ ದಾಟಿಸಿ ಎಂದು ತಯಾರಕರಿಗೆ ಬರೆದೆ, ಒಪ್ಪಿದ್ದಾರೆ.

2007ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ ಸೆಬಾಸ್ಟಪೋಲ್‌ನಲ್ಲಿ ಸೇರಿದ ಕಾರ್ಯಕರ್ತರು ಮುಕ್ತ ಸರ್ಕಾರಿ ಡೇಟಾಕ್ಕೆ ಎಂಟು ತತ್ವಗಳನ್ನು ಬರೆದರು. ಅದರಲ್ಲಿ ಮೊದಲನೆಯದೇ, ಡೇಟಾ ಪೂರ್ಣವಾಗಿರಬೇಕು ಎಂಬುದು. ಇಲಾಖೆಗಳು ಕಡತವನ್ನು ಪೂರ್ತಿಯಾಗಿ ಪ್ರಕಟಿಸಲಿ ಎಂದು ಜನ ವರ್ಷಗಟ್ಟಲೆ ಬೆನ್ನುಹತ್ತಿ ಕೇಳಿದ್ದಾರೆ, ಎಷ್ಟೋ ಕಡೆ ಅದು ದಕ್ಕಿದೆ. ಪೂರ್ತಿ ಪ್ರಕಟವಾದ ಕಡತವನ್ನು ಕೊನೆಯ ಹೆಜ್ಜೆಯಲ್ಲಿ ಟೂಲ್ ಮೊದಲ ಪುಟಕ್ಕೆ ಇಳಿಸಿ, ಅದನ್ನು ಹೇಳದೆ ಉತ್ತರ ಕೊಟ್ಟರೆ ನನಗೆ ಅದು ಸಣ್ಣ ದೋಷವೆಂದು ಅನ್ನಿಸುವುದಿಲ್ಲ. ಟೋಕನ್ ಉಳಿಸುವುದು ಒಳ್ಳೆಯದೇ. ವಿವರಣೆ ಉದ್ದವಾದಷ್ಟೂ ಪ್ರತಿ ಸಂಭಾಷಣೆಯಲ್ಲೂ ಅದರ ಹೊರೆ ಇರುತ್ತದೆ, ಒಪ್ಪುತ್ತೇನೆ. ಆದರೆ ಕಡಿಮೆ ಮಾಡಬೇಕಾದದ್ದು ವಿಶೇಷಣಗಳನ್ನು. ಇದೇ ಟೂಲ್‌ನ ವಿವರಣೆಗಳಲ್ಲಿ "ಶಕ್ತಿಶಾಲಿ", "ಸುಲಲಿತ" ಎಂಬ ಪದಗಳು ಅಲ್ಲಲ್ಲಿ ಕೂತಿವೆ, ಅವನ್ನು ತೆಗೆದರೆ ಮಿತಿಯ ಸಂಖ್ಯೆಗೆ ಬೇಕಾದಷ್ಟು ಜಾಗ ಸಿಗುತ್ತದೆ.

ದೋಷ ಸಂದೇಶಗಳೂ ಡಾಕ್ಯುಮೆಂಟೇಶನ್ನೇ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಸಿಕ್ಯಾನ್ ಪೋರ್ಟಲ್‌ನಲ್ಲಿರುವ ಎಲ್ಲ ಕಡತಗಳೂ ಡೇಟಾಸ್ಟೋರ್‌ನಲ್ಲಿ ಇರುವುದಿಲ್ಲ. ಎಷ್ಟೋ ಡೇಟಾಸೆಟ್‌ಗಳ ಹೆಸರಿನಲ್ಲಿ ಇರುವುದು ಪಿಡಿಎಫ್, ಜಿಪ್, ಅಥವಾ ಬೇರೆ ಜಾಲತಾಣಕ್ಕೆ ಹೋಗುವ ಕೊಂಡಿ. ಸಾಲುಗಳಾಗಿ ಕೇಳಲು ಬರುತ್ತದೆಯೇ ಇಲ್ಲವೇ ಎಂಬುದನ್ನು ಹೇಳುವ ಒಂದು ಗುರುತು ಮೆಟಾಡೇಟಾದಲ್ಲೇ (ಕಡತದ ಬಗೆಗಿನ ವಿವರಗಳಲ್ಲಿ) ಇರುತ್ತದೆ. ಈ ಟೂಲ್ ಅದನ್ನು ನೋಡದೆ ಕರೆ ಕಳಿಸಿ, "ಸಿಗಲಿಲ್ಲ" ಎಂದು ಬಂದದ್ದನ್ನು ಹಾಗೇ ಮಾದರಿಗೆ ಒಪ್ಪಿಸುತ್ತದೆ. ಮಾದರಿ ಏನು ಮಾಡೀತು? "ಈ ವಿಷಯದ ಡೇಟಾ ಪೋರ್ಟಲ್‌ನಲ್ಲಿ ಇಲ್ಲ" ಎಂದು ನನಗೆ ಹೇಳಿತು. ಡೇಟಾ ಇತ್ತು, ಪಿಡಿಎಫ್‌ನಲ್ಲಿತ್ತು. ಒಂದು ಇಲಾಖೆ ಪ್ರಕಟಿಸಿಲ್ಲ ಎಂದು ನಂಬಿಕೊಂಡು ಪತ್ರಕರ್ತರೊಬ್ಬರು ಹಾಗೆಯೇ ಬರೆದುಬಿಟ್ಟರೆ ಆ ಇಲಾಖೆಗೂ ಅನ್ಯಾಯ, ಓದುಗರಿಗೂ ಅನ್ಯಾಯ. ಎಂಸಿಪಿಯಲ್ಲಿ ದೋಷವನ್ನು ಮಾದರಿ ಓದುವ ಹಾಗೆ ಮಾತಿನಲ್ಲಿ ಕಳಿಸಲು ಅವಕಾಶವಿದೆ. "ಈ ಕಡತ ಸಾಲುಗಳ ರೂಪದಲ್ಲಿ ಇಲ್ಲ, ಪಿಡಿಎಫ್ ಆಗಿದೆ, ಇಲ್ಲಿಂದ ಇಳಿಸಿಕೊಳ್ಳಬಹುದು" ಎಂಬ ಒಂದು ವಾಕ್ಯ ಸಾಕಿತ್ತು.

ಕಾಲಂಗಳ ಅರ್ಥದ ವಿಚಾರದಲ್ಲಿ ಟೂಲ್ ಮತ್ತೆ ಎದ್ದು ನಿಲ್ಲುತ್ತದೆ. ಸಿಕ್ಯಾನ್‌ನಲ್ಲಿ ಪ್ರತಿ ಕಾಲಂಗೂ ಹೆಸರು, ಬಗೆ, ವಿವರಣೆ ಬರೆಯಬಹುದಾದ ಡೇಟಾ ಡಿಕ್ಷನರಿ ಇದೆ. ಸಾಲುಗಳನ್ನು ಓದುವ ಮುಂಚೆ ಅದನ್ನು ತರಬೇಕೆಂದು ಇಲ್ಲಿ ವಿವರಣೆಯಲ್ಲೇ ಕಟ್ಟುನಿಟ್ಟು ಮಾಡಿದ್ದಾರೆ. ಇದು ಎಷ್ಟು ಮುಖ್ಯ ಎಂಬುದಕ್ಕೆ ಸಿಕ್ಯಾನ್ ಆಚೆಯ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಜನಗಣತಿ ಸಂಸ್ಥೆಯ ಸಮುದಾಯ ಸಮೀಕ್ಷೆಯ ಎಪಿಐನಲ್ಲಿ, ಸಮೀಕ್ಷೆಯ ಸ್ಯಾಂಪಲ್ ಸಾಲದೆ ಅಂದಾಜು ಮಾಡಲಾಗದ ಜಾಗದಲ್ಲಿ -666666666 ಎಂಬ ಸಂಖ್ಯೆ ಇರುತ್ತದೆ. ಸಂಸ್ಥೆ ಅದರ ಅರ್ಥವನ್ನು ತನ್ನ ಡಾಕ್ಯುಮೆಂಟೇಶನ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ. ಅದನ್ನು ಓದದೆ ಕುಟುಂಬಗಳ ಆದಾಯದ ಸರಾಸರಿ ತೆಗೆದರೆ ಇಡೀ ಜಿಲ್ಲೆ ಕೋಟಿಗಟ್ಟಲೆ ಸಾಲದಲ್ಲಿ ಮುಳುಗಿದ ಹಾಗೆ ಉತ್ತರ ಬರುತ್ತದೆ. ಅಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ, ಸರಿ. ಆದರೆ ಬೇರೆ ಕಡೆ ಖಾಲಿ ಜಾಗಕ್ಕೆ 0 ಅಥವಾ 99 ಹಾಕಿದ ಕಡತಗಳಿವೆ, ಅವು ಸದ್ದಿಲ್ಲದೆ ಸರಾಸರಿಯೊಳಗೆ ಸೇರಿಹೋಗುತ್ತವೆ.

ಸಂಕೇತ ಸಂಖ್ಯೆಗಳದ್ದೂ ಇದೇ ಕತೆ. ಕ್ಯಾಲಿಫೋರ್ನಿಯದ ರಾಜ್ಯ ಸಂಕೇತ 06, ಲಾಸ್ ಏಂಜಲೀಸ್ ಕೌಂಟಿಯದು 06037. ಕಡತವನ್ನು ಡೇಟಾಬೇಸ್‌ಗೆ ಏರಿಸುವಾಗ ಇದನ್ನು ಸಂಖ್ಯೆ ಎಂದು ತಿಳಿದರೆ ಮೊದಲಿಗಿರುವ ಸೊನ್ನೆ ಹೋಗಿ 6037 ಉಳಿಯುತ್ತದೆ, ಇನ್ನೊಂದು ಕಡತದ ಜೊತೆ ಜೋಡಿಸಲು ಹೋದಾಗ ಹೊಂದುವುದಿಲ್ಲ. ಈ ಟೂಲ್ ಪ್ರತಿ ಕಾಲಂನ ಬಗೆಯನ್ನು ಮಾದರಿಗೆ ತೋರಿಸುತ್ತದೆ. ಹೆಸರಿನಲ್ಲಿ ಕೋಡ್ ಎಂದಿದ್ದು ಬಗೆ ಸಂಖ್ಯೆಯಾಗಿದ್ದರೆ ಸೊನ್ನೆ ಬಿದ್ದುಹೋಗಿರಬಹುದು ಎಂಬ ಎಚ್ಚರಿಕೆಯೂ ವಿವರಣೆಯಲ್ಲಿದೆ. ಇದನ್ನು ಬರೆದವರು ಇಂಥ ಕಡತಗಳ ಜೊತೆ ಒದ್ದಾಡಿದವರೇ ಇರಬೇಕು. ಡಿಕ್ಷನರಿಯನ್ನೇ ತುಂಬದ ಪೋರ್ಟಲ್‌ಗಳಲ್ಲಿ ಏಜೆಂಟ್ ಕಾಲಂ ಹೆಸರಿನಿಂದ ಅರ್ಥ ಊಹಿಸುತ್ತದೆ. ಊಹಿಸಿದ್ದೇನೆ ಎಂದು ಹೇಳು ಎಂಬ ಸೂಚನೆ ಇರುವುದರಿಂದ ಹೇಳಿಯೇ ಊಹಿಸುತ್ತದೆ.

ದಿನಾಂಕದ ಬಗ್ಗೆ ಬರೆದ ಪ್ಯಾರಾವನ್ನು ನನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಓದಿ ತೋರಿಸಿದ್ದೇನೆ. ಸಿಕ್ಯಾನ್‌ನಲ್ಲಿ ಮೆಟಾಡೇಟಾ ಬದಲಾದ ದಿನಾಂಕ ಎಂದೊಂದು ಇರುತ್ತದೆ. ವಿವರಣೆಯಲ್ಲಿ ಒಂದು ಅಕ್ಷರ ತಿದ್ದಿದರೂ ಅದು ಬದಲಾಗುತ್ತದೆ. ಒಳಗಿನ ಅಂಕಿಗಳು ಯಾವ ವರ್ಷದವು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬರೀ ಅದನ್ನು ನೋಡಿದ ಏಜೆಂಟ್, ಹತ್ತು ವರ್ಷ ಹಳೆಯ ಅಂಕಿಗಳನ್ನು ಕಳೆದ ತಿಂಗಳಿನವು ಎಂದು ಹೇಳಿಬಿಡಬಲ್ಲದು. ಈ ಟೂಲ್ ಮೂರು ದಿನಾಂಕಗಳನ್ನು ಬೇರೆಬೇರೆಯಾಗಿ ಕೊಡುತ್ತದೆ: ಅಂಕಿಗಳು ಯಾವ ಅವಧಿಯವು, ಕಡತ ಯಾವಾಗ ಬದಲಾಯಿತು, ವಿವರಣೆ ಯಾವಾಗ ಬದಲಾಯಿತು. ಡೇಟಾಸೆಟ್‌ಗಳನ್ನು ವಿವರಿಸುವ ಡಿಕ್ಯಾಟ್ ಎಂಬ, ವೆಬ್ ಶಿಷ್ಟತೆಗಳನ್ನು ರೂಪಿಸುವ ಡಬ್ಲ್ಯುತ್ರೀಸಿ ಸಂಸ್ಥೆಯ ಶಿಷ್ಟತೆಯ ಪದಗಳನ್ನೇ ಬಳಸಿದ್ದಾರೆ. ಆ ಶಿಷ್ಟತೆ 2014ರಿಂದ ಇದೆ, ಮೂರನೇ ಆವೃತ್ತಿ 2024ರಲ್ಲಿ ಬಂತು. ಹೊಸ ಹೆಸರುಗಳನ್ನು ತಾವೇ ಹುಟ್ಟುಹಾಕದೆ ಇದ್ದದ್ದನ್ನು ಬಳಸಿದ್ದಕ್ಕೆ ಕೃತಜ್ಞತೆ. ಅವಧಿ ಸಿಗದಿದ್ದರೆ "ಅವಧಿ ನಮೂದಾಗಿಲ್ಲ" ಎಂದೇ ಬರುತ್ತದೆ, ಆ ಜಾಗದಲ್ಲಿ ಬೇರೆ ದಿನಾಂಕ ತುರುಕುವುದಿಲ್ಲ.

ಪರವಾನಗಿಯೂ ಪ್ರತಿ ಉತ್ತರದ ಜೊತೆ ಬರುತ್ತದೆ. ಬ್ರಿಟನ್ನಿನ ಓಪನ್ ಗವರ್ನಮೆಂಟ್ ಲೈಸೆನ್ಸ್, ಭಾರತ ಸರ್ಕಾರ 2017ರಲ್ಲಿ ಹೊರಡಿಸಿದ ಮುಕ್ತ ಡೇಟಾ ಪರವಾನಗಿ, ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ, ಇವೆಲ್ಲ ಬಳಸಲು ಬಿಡುತ್ತವೆ, ಮೂಲ ಹೇಳಿ ಎನ್ನುತ್ತವೆ. ಏಜೆಂಟ್ ಕೊಟ್ಟ ಉತ್ತರದಲ್ಲಿ ಮೂಲ ಮಾಯವಾದರೆ ಆ ಷರತ್ತು ಮುರಿದ ಹಾಗೆ. ಇಲ್ಲಿ ಡೇಟಾಸೆಟ್‌ನ ಶೀರ್ಷಿಕೆ, ಪ್ರಕಟಿಸಿದ ಇಲಾಖೆ, ಪರವಾನಗಿ, ತಂದ ದಿನಾಂಕ, ಇವೆಲ್ಲದರ ಜೊತೆಗೆ ಕಳಿಸಿದ ಕರೆಯ ಪೂರ್ತಿ ವಿಳಾಸವೂ ಉತ್ತರದ ಕೆಳಗೆ ಇರುತ್ತದೆ. ಆ ವಿಳಾಸವನ್ನು ಬ್ರೌಸರ್‌ಗೆ ಹಾಕಿದರೆ ಏಜೆಂಟ್ ನೋಡಿದ ಸಾಲುಗಳನ್ನೇ ನೀವೂ ನೋಡಬಹುದು, ಎಐ ಬೇಕಾಗಿಲ್ಲ, ಲಾಗಿನ್ ಬೇಕಾಗಿಲ್ಲ. ಈ ಟೂಲ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಮರಗಳ ಲೆಕ್ಕ ತಪ್ಪಿದ್ದು ಹೊರಬಿದ್ದಾಗ ಪೋರ್ಟಲ್‌ನಲ್ಲಿರುವ ನಿಜವಾದ ಸಾಲಿನ ಸಂಖ್ಯೆಯನ್ನು ನೋಡಲು ನೆರವಾದದ್ದೂ ಆ ವಿಳಾಸವೇ.

ಸುರಕ್ಷತೆಯ ಅಧ್ಯಾಯ ತೆಳ್ಳಗಿದೆ. ಟೂಲ್ ಬರೀ ಓದುತ್ತದೆ, ಪೋರ್ಟಲ್‌ನಲ್ಲಿ ಏನನ್ನೂ ಬರೆಯುವುದಿಲ್ಲ, ಅಳಿಸುವುದಿಲ್ಲ ಎಂದು ಹೇಳಿದ್ದಾರೆ. ಎಂಸಿಪಿಯಲ್ಲಿ ಅದಕ್ಕಿರುವ ಓದು-ಮಾತ್ರ ಎಂಬ ಗುರುತನ್ನೂ ಹಾಕಿದ್ದಾರೆ. ಸಿಕ್ಯಾನ್‌ನ ಎಪಿಐನಲ್ಲಿ ಅನುಮತಿಯ ಕೀ ಇದ್ದವರು ಡೇಟಾಸೆಟ್ ಸೃಷ್ಟಿಸುವ, ಅಳಿಸುವ ಕರೆಗಳೂ ಇರುವುದರಿಂದ ಇದು ಬಾಯಿಮಾತಿನ ಭರವಸೆಯಾಗಿ ಉಳಿಯದೆ ಕೋಡ್‌ನಲ್ಲೇ ಆ ಕರೆಗಳು ಇಲ್ಲದಿರುವುದು ಸಮಾಧಾನ. ಹೇಳದೆ ಬಿಟ್ಟದ್ದು ಬೇರೆ ಇದೆ. ಡೇಟಾಸೆಟ್‌ನ ವಿವರಣೆಯನ್ನು ಯಾರು ಯಾರೋ ಬರೆದಿರುತ್ತಾರೆ, ಅದು ನೇರವಾಗಿ ಮಾದರಿಯ ಮುಂದೆ ಹೋಗುತ್ತದೆ. ಅದರೊಳಗೆ ಯಾರಾದರೂ ಮಾದರಿಗೆ ಆಜ್ಞೆಯ ರೂಪದ ಮಾತು ಸೇರಿಸಿದರೆ? ತಂದ ಪಠ್ಯವೆಲ್ಲ ಮಾಹಿತಿ ಮಾತ್ರ, ಆದೇಶವಲ್ಲ ಎಂಬ ಸೂಚನೆ ಮಾದರಿಗೂ ಇರಬೇಕು, ಇದೇ ಏಜೆಂಟ್‌ಗೆ ಇಮೇಲ್ ಕಳಿಸುವ ಅಥವಾ ಕಡತ ಅಳಿಸುವ ಟೂಲ್‌ಗಳನ್ನು ಜೋಡಿಸಬೇಡಿ ಎಂಬ ಎಚ್ಚರಿಕೆ ಮನುಷ್ಯರಿಗೂ ಇರಬೇಕು. ಎರಡೂ ಇಲ್ಲ. ಒಮ್ಮೆ ತಂದದ್ದನ್ನು ಎಷ್ಟು ಹೊತ್ತು ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟುಕೊಳ್ಳುತ್ತದೆ ಎಂಬುದನ್ನೂ ಬರೆದಿಲ್ಲ. ದಿನಕ್ಕೊಮ್ಮೆ ಬದಲಾಗುವ ಕಡತಕ್ಕೆ ಅದು ಬೇಕೇ ಬೇಕು.

ಯಾರು ಬಳಸಬಹುದು? ಯಾವ ಇಲಾಖೆ ಏನು ಪ್ರಕಟಿಸಿದೆ ಎಂಬ ಸುಳಿವೇ ಇಲ್ಲದೆ ಹೊರಡುವ ಪತ್ರಕರ್ತರು, ಸಂಶೋಧನಾ ವಿದ್ಯಾರ್ಥಿಗಳು, ಸಾರ್ವಜನಿಕ ವಿಚಾರಗಳಲ್ಲಿ ಕೆಲಸ ಮಾಡುವ ಸಂಘಟನೆಗಳು ಇಂದೇ ಬಳಸಲಿ. ಪೋರ್ಟಲ್‌ಗಳ ಹುಡುಕು ಪೆಟ್ಟಿಗೆಯ ಮುಂದೆ ಅರ್ಧ ದಿನ ಕಳೆಯುವ ಕೆಲಸವನ್ನು ಇದು ಒಂದು ಸಂಭಾಷಣೆಗೆ ಇಳಿಸುತ್ತದೆ, ಅದು ಸಣ್ಣ ಉಪಕಾರವಲ್ಲ. ಉತ್ತರದಲ್ಲಿ ಬಂದ ಸಂಖ್ಯೆಯನ್ನು ನೇರ ವರದಿಗೆ ಹಾಕುವವರು ಮುಂದಿನ ಆವೃತ್ತಿ ಬರುವವರೆಗೆ ಕಾಯಲಿ, ಅಥವಾ ನಾನು ಮೇಲೆ ಬರೆದ ಎರಡು ವಿವರಣೆಗಳನ್ನು ತಮ್ಮ ಪ್ರತಿಯಲ್ಲಿ ಸೇರಿಸಿಕೊಂಡು ಬಳಸಲಿ. ವಿವರಣೆಗಳು ಒಂದೇ ಕಡತದಲ್ಲಿವೆ, ತಿದ್ದಲು ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ. ಟೋಟಲ್ ಕತ್ತರಿಸುವ ಸಾಲಿಗೆ ಮಾತ್ರ ಗೊತ್ತಿರುವವರ ಸಹಾಯ ಬೇಕಾದೀತು.

ಬೇರೆ ಟೂಲ್ ಬಳಸುತ್ತಿದ್ದರೆ ಹೀಗೆ ಪರೀಕ್ಷಿಸಿ. ಒಟ್ಟು ಎಷ್ಟು ಸಾಲಿದೆ ಎಂದು ನಿಮಗೆ ಖಚಿತವಾಗಿ ಗೊತ್ತಿರುವ, ಒಂದೆರಡು ಸಾವಿರಕ್ಕಿಂತ ದೊಡ್ಡದಾದ ಡೇಟಾಸೆಟ್ ಒಂದನ್ನು ಆರಿಸಿಕೊಳ್ಳಿ. ಒಟ್ಟು ಎಷ್ಟು ದಾಖಲೆ ಇವೆ ಎಂದು ಕೇಳಿ, ಆಮೇಲೆ ಯಾವುದಾದರೂ ಒಂದು ಕಾಲಂನ ಶೇಕಡಾವಾರು ಕೇಳಿ. ಉತ್ತರ 100 ಎಂದೋ 1000 ಎಂದೋ ಬಂದರೆ, ಅಥವಾ ಶೇಕಡಾವಾರಿನಲ್ಲಿ ಒಂದಕ್ಕೂ ದಶಮಾಂಶ ಇಲ್ಲದಿದ್ದರೆ, ಆ ಟೂಲ್‌ನ ವಿವರಣೆಗಳ ಕಡತ ತೆರೆದು ಲಿಮಿಟ್ ಎಂಬ ಪದ ಹುಡುಕಿ.